ಫಿಟ್ಟರ್ ಸೀಟು ಮತ್ತು ಗಣಿತದ ಪತ್ರಿಕೆ

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಐಟಿಐ ಬಗ್ಗೆ ಬರೆಯುವುದು ಕೆಲವು ಗೆಳೆಯರಿಗೆ ವಿಚಿತ್ರ ಅನ್ನಿಸಬಹುದು. ಕಾವ್ಯ, ಕಥೆ, ಆತ್ಮಕಥನಗಳಲ್ಲಿ ಜಾತಿ ಹೇಗೆ ಅಡಗಿ ಕೂತಿರುತ್ತದೆಂದು ಓದುವುದನ್ನು ಹಿರಿಯರು ನಮಗೆ ಕಲಿಸಿದ್ದಾರೆ. ಅದೇ ಕಣ್ಣಿನಿಂದ ಒಂದು ಪ್ರವೇಶ ಪ್ರಕಟಣೆಯನ್ನೋ ಸರ್ಕಾರಿ ಯೋಜನೆಯನ್ನೋ ಓದುವ ಅಭ್ಯಾಸ ಮಾತ್ರ ನಮಗಿನ್ನೂ ಬಂದಿಲ್ಲ. ನಾನು ಯಾದಗಿರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ನನ್ನ ಕ್ಲಾಸಿನ ಹೆಚ್ಚಿನ ಹುಡುಗ ಹುಡುಗಿಯರು ಬಿಎಗೆ ಬಂದಿರುವುದು ಬೇರೆ ಬಾಗಿಲು ಮುಚ್ಚಿದ್ದರಿಂದ. ನಾನೂ ಹಾಗೇ ಬಂದವನು, ಅದನ್ನು ಬಚ್ಚಿಟ್ಟು ಆಗಬೇಕಾದ್ದೇನೂ ಇಲ್ಲ.

ಬಾಗಿಲು ಎಲ್ಲಿ ಮುಚ್ಚುತ್ತದೆ ಅನ್ನೋದನ್ನ ನೋಡೋಣ. 2009ರ ಕೊನೆಗೆ ಗುಲಬರ್ಗಾದಿಂದ ಬೇರೆಯಾದ ಜಿಲ್ಲೆ ನಮ್ಮದು. 2011ರ ಜನಗಣತಿಯಲ್ಲಿ ಇಲ್ಲಿನ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕಡಿಮೆ. ಹೆಣ್ಣುಮಕ್ಕಳದು ಶೇ. 41ರ ಆಸುಪಾಸು. ಜನಸಂಖ್ಯೆಯಲ್ಲಿ ಹೆಚ್ಚೂಕಡಿಮೆ ನಾಲ್ಕನೇ ಒಂದು ಪಾಲು ಪರಿಶಿಷ್ಟ ಜಾತಿಯವರು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಜಿಲ್ಲೆ ಶೇ. 50.59 ಪಡೆದು ಕಟ್ಟಕಡೆಗೆ ನಿಂತಿತು. ಹಿಂದಿನ ವರ್ಷವೂ ಕಡೆಯ ಸ್ಥಾನವೇ, ಆದರೆ ಆಗ ಶೇ. 75ರ ಮೇಲಿತ್ತು. ನಡುವೆ ಆದದ್ದು ಇಷ್ಟೇ: ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು. ನಕಲು ನಿಂತಿತು ಅಂತ ಬಹಳ ಜನ ಬೆನ್ನು ತಟ್ಟಿಕೊಂಡರು. ನಕಲು ಯಾಕೆ ಬೇಕಾಗಿತ್ತು ಅಂತ ಕೇಳಿದವರು ಕಮ್ಮಿ. ವರ್ಷಗಟ್ಟಲೆ ಗಣಿತಕ್ಕೆ ಖಾಯಂ ಮೇಷ್ಟ್ರಿಲ್ಲದ ಶಾಲೆಯಲ್ಲಿ ನಕಲು ಎಂಬುದು ಮಕ್ಕಳ ಕಳ್ಳತನಕ್ಕಿಂತ ಹೆಚ್ಚಾಗಿ ವ್ಯವಸ್ಥೆ ತನ್ನ ಬರಿಗೈಯನ್ನು ಮುಚ್ಚಿಕೊಳ್ಳುವ ಬಟ್ಟೆಯಾಗಿತ್ತು.

ಈಗ ಐಟಿಐ ಪ್ರವೇಶದ ನಿಯಮ ತೆಗೆದು ಓದಿ. ಫಿಟ್ಟರ್, ಎಲೆಕ್ಟ್ರಿಷಿಯನ್‌ನಂಥ ಎರಡು ವರ್ಷದ ವೃತ್ತಿಗಳಿಗೆ ಗಣಿತ ಮತ್ತು ವಿಜ್ಞಾನ ಓದಿ ಹತ್ತನೇ ಇಯತ್ತೆ ಪಾಸಾಗಿರಬೇಕು. ವೆಲ್ಡರ್, ಪ್ಲಂಬರ್‌ಗೆ ಎಂಟನೇ ಇಯತ್ತೆ ಸಾಕು. ಇದಕ್ಕೂ ಕೆಳಗೆ, 2015ರಿಂದ ಬಂದ ಕೌಶಲ ಯೋಜನೆಗಳಲ್ಲಿ ಕೆಲವೇ ನೂರು ಗಂಟೆಗಳ ತರಬೇತಿ, ಒಂದು ಸರ್ಟಿಫಿಕೇಟು. ಎಲ್ಲೂ ಜಾತಿಯ ಹೆಸರಿಲ್ಲ. ಆದರೆ ಗಣಿತದ ಪತ್ರಿಕೆಯಲ್ಲಿ ಯಾರು ಉಳಿಯುತ್ತಾರೆ? ಸುಗ್ಗಿ ಮುಗಿದ ಕೂಡಲೇ ಅಪ್ಪ ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋಗುವವರು. ಹಾಜರಿ ಕೂಗಿದರೆ ಪಕ್ಕದಲ್ಲಿ ಕೂತವನು, "ದುಡಿಲಾಕ ಹೋಗ್ಯಾನ್ರಿ ಸರ" ಅನ್ನುತ್ತಾನೆ. ಬೀಜಗಣಿತ ತಾಸು ತಪ್ಪಿದರೆ ಮುಂದಿನ ತಾಸಿಗೆ ಕಾಯುವ ವಿಷಯವಲ್ಲ. ಕನ್ನಡ, ಸಮಾಜ ಹೇಗೋ ಓದಿ ಗಿಟ್ಟಿಸಬಹುದು. ಮೇಲಿನ ಕಸುಬು, ಕೆಳಗಿನ ಕಸುಬು ಎಂಬ ವಿಂಗಡಣೆ ಹೀಗೆ ಒಂದು ಪತ್ರಿಕೆಯ ಅಂಕದಲ್ಲಿ, ಯಾರ ಕೈಗೂ ಮೈಲಿಗೆಯಾಗದಂತೆ ನಡೆದುಹೋಗುತ್ತದೆ.

ನನ್ನ ಚಿಕ್ಕಪ್ಪನ ಮಗ 2024ರಲ್ಲಿ ಗಣಿತದಲ್ಲಿ ಫೇಲಾದ. ಮನೆಯಲ್ಲಿ ಕೂರುವುದು ಬೇಡ ಅಂತ ನಾನೇ ಒಂದು ತರಬೇತಿ ಕೇಂದ್ರಕ್ಕೆ ಸೇರಿಸಿದೆ. ಅಲ್ಲಿ ಸಿಕ್ಕಿದ್ದು ಗೌಂಡಿ ಕೆಲಸ. ಹತ್ತನೇ ವಯಸ್ಸಿನಿಂದ ರಜೆಯಲ್ಲೆಲ್ಲ ಅಪ್ಪನ ಜೊತೆ ಸಿಮೆಂಟು ಕಲೆಸಿದ ಹುಡುಗನಿಗೆ ಸಿಮೆಂಟು ಕಲೆಸುವುದನ್ನು ಮೂರು ತಿಂಗಳು ಕಲಿಸಿದರು. ಹಾಜರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡರು, ಟೋಪಿ ಹಾಕಿಸಿ ಫೋಟೋ ತೆಗೆದರು. ಸರ್ಟಿಫಿಕೇಟು ತಗೊಂಡು ಅದೇ ಸೈಟಿಗೆ ಅದೇ ಕೂಲಿಗೆ ವಾಪಸ್ ಹೋದ. "ಇದನ್ನ ನನಗ ಗೊತ್ತಿದ್ದುದ್ದೇ ಅಲ್ಲೇನೋ ಅಣ್ಣ" ಅಂದದ್ದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಗೊತ್ತಿದ್ದುದನ್ನೇ ಕಲಿಸುವ ಈ ಪದ್ಧತಿಗೆ ಹಳೆಯ ಬೇರಿದೆ. 1953ರಲ್ಲಿ ಮದ್ರಾಸಿನಲ್ಲಿ ರಾಜಾಜಿಯವರು ಶಾಲೆಯ ಅವಧಿಯನ್ನು ಮೂರು ತಾಸಿಗೆ ಇಳಿಸಿ, ಉಳಿದ ಹೊತ್ತು ಮಕ್ಕಳು ತಂದೆತಾಯಿಯ ಕಸುಬು ಕಲಿಯಲಿ ಎಂಬ ಯೋಜನೆ ತಂದರು. ಪೆರಿಯಾರ್ ಮತ್ತವರ ಸಂಗಾತಿಗಳು ಅದನ್ನು ಕುಲಕಸುಬಿನ ಶಿಕ್ಷಣ ಎಂದು ಹೆಸರಿಟ್ಟು ಕರೆದು ಬೀದಿಗಿಳಿದರು. 1954ರಲ್ಲಿ ರಾಜಾಜಿ ಹೋಗಿ ಕಾಮರಾಜ್ ಬಂದ ಮೇಲೆ ಯೋಜನೆ ರದ್ದಾಯಿತು. ಎಪ್ಪತ್ತು ವರ್ಷದ ನಂತರ, 2023ರ ಸೆಪ್ಟೆಂಬರ್‌ನಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಚಪ್ಪಲಿ ಹೊಲಿಯುವವರು, ಅಗಸರು, ಕ್ಷೌರಿಕರು, ಕುಂಬಾರರು ಸೇರಿ 18 ಕಸುಬುಗಳ ಪಟ್ಟಿಯಿದೆ. ಗುರುಶಿಷ್ಯ ಪರಂಪರೆ, ಕುಟುಂಬದ ಕಸುಬು ಎಂಬ ಮಾತುಗಳಿವೆ. ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಕೂತ ಅರವತ್ತರ ಮುದುಕನಿಗೆ ಹದಿನೈದು ಸಾವಿರದ ಸಲಕರಣೆ ಸಿಗುವುದಾದರೆ ಬೇಡ ಅನ್ನಲು ನಾನ್ಯಾರು? ನನ್ನ ತಕರಾರು ಪ್ರವೇಶದ ವಯಸ್ಸು ಹದಿನೆಂಟು ಎಂಬುದರ ಬಗ್ಗೆ. ಹದಿನೆಂಟು ಕಾಲೇಜಿಗೆ ಹೋಗುವ ವಯಸ್ಸು. 2024ರಲ್ಲಿ ತಮಿಳುನಾಡು ಇದನ್ನು ಒಪ್ಪದೆ, ಕುಟುಂಬದ ಕಸುಬು ಎಂಬ ಷರತ್ತು ತೆಗೆಯಿರಿ, ವಯಸ್ಸನ್ನು 35ಕ್ಕೆ ಏರಿಸಿ ಎಂದು ಕೇಳಿತು. ನಮ್ಮಲ್ಲಿ ಅಂಥ ಚರ್ಚೆ ಜೋರಾಗಿ ಏಳಲೇ ಇಲ್ಲ.

ಅಂಬೇಡ್ಕರ್ ಕೇಳಿದ್ದೇ ಬೇರೆ. 1942ರ ಅಕ್ಟೋಬರ್‌ನಲ್ಲಿ ವೈಸರಾಯ್‌ಗೆ ಕೊಟ್ಟ ಮನವಿಯಲ್ಲಿ ಅವರು ವಿಜ್ಞಾನ, ತಂತ್ರಜ್ಞಾನ ಓದಲು ವಿದ್ಯಾರ್ಥಿವೇತನ ಕೇಳಿದರು. ಸರ್ಕಾರಿ ಮುದ್ರಣಾಲಯ ಮತ್ತು ರೈಲ್ವೆ ಕಾರ್ಯಾಗಾರಗಳಲ್ಲಿ ನಮ್ಮ ಹುಡುಗರನ್ನು ಅಪ್ರೆಂಟಿಸ್ ಆಗಿ ತಗೊಳ್ಳಿ ಅಂದರು. ಅಂದರೆ ಜಾತಿ ಮುಟ್ಟಿರದ ಯಂತ್ರದ ಹತ್ತಿರ ನಮ್ಮವರು ನಿಲ್ಲಲಿ ಅಂತ.

ಆ ಯಂತ್ರ ಈಗ ನಮ್ಮ ಜಿಲ್ಲೆಗೇ ಬಂದಿದೆ. ಕಡೇಚೂರು-ಬಾಡಿಯಾಳದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಎಕರೆ ಜಮೀನು ಕೈಗಾರಿಕೆಗೆ ಹೋಯಿತು. ಔಷಧಿ, ರಾಸಾಯನಿಕ ಘಟಕಗಳು ಬಂದವು, ಜೊತೆಗೆ ಗಬ್ಬುವಾಸನೆಯ ದೂರುಗಳೂ ಬಂದವು. 371(ಜೆ) ನಮ್ಮ ಭಾಗದ ಹೋರಾಟದ ದೊಡ್ಡ ಫಲ. ಇಲ್ಲಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70 ಸೀಟು ಸ್ಥಳೀಯರಿಗೆ ಸಿಕ್ಕಿತು, ಸರ್ಕಾರಿ ನೌಕರಿಯಲ್ಲಿ ಪಾಲು ಸಿಕ್ಕಿತು. ಖಾಸಗಿ ಕಾರ್ಖಾನೆಯ ಗೇಟಿನೊಳಗೆ ಅದು ನಡೆಯುವುದಿಲ್ಲ.

ಗೇಟಿನೊಳಗೆ ನಡೆಯುವ ಒಂದು ಕಾಯಿದೆ ಇದೆ, ಕಾರ್ಯಕರ್ತ ಗೆಳೆಯರು ಇದನ್ನು ಗಮನಿಸಬೇಕು. 1961ರ ಅಪ್ರೆಂಟಿಸ್ ಕಾಯಿದೆಗೆ 1973ರಲ್ಲಿ ಸೇರಿಸಿದ 3(ಎ) ಕಲಮಿನ ಪ್ರಕಾರ ಮಾಲೀಕರು ನಿಗದಿತ ವೃತ್ತಿಗಳ ತರಬೇತಿ ಸ್ಥಾನಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಮೀಸಲು ಇಡಬೇಕು. ಖಾಸಗಿಯವರಿಗೂ ಇದು ಅನ್ವಯ. 2019ರ ನಿಯಮಗಳಂತೆ 30 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಕಡೆ ಶೇ. 2.5ರಿಂದ 15ರವರೆಗೆ ಅಪ್ರೆಂಟಿಸ್‌ಗಳನ್ನು ತಗೊಳ್ಳುವುದು ಕಡ್ಡಾಯ. ತರಬೇತಿ ಮುಗಿದ ಮೇಲೆ ನೌಕರಿ ಕೊಡಲೇಬೇಕೆಂದಿಲ್ಲ, ಅದು ದೊಡ್ಡ ಕೊರತೆಯೇ. ಆದರೂ ಖಾಸಗಿ ವಲಯದಲ್ಲಿ ಮೀಸಲಾತಿ ಬೇಕೆಂದು ಘೋಷಣೆ ಕೂಗುವ ನಾವು, ಅದರ ಒಂದು ಎಳೆ ಆಗಲೇ ಕಾಯಿದೆಯಲ್ಲಿ ಇರುವುದನ್ನು ಹಿಡಿದು ಜಿಲ್ಲೆಯ ಒಂದೊಂದು ಕಾರ್ಖಾನೆಗೂ ಮಾಹಿತಿ ಹಕ್ಕಿನ ದಾರಿಯಿಂದ, ಕಾರ್ಮಿಕ ಇಲಾಖೆಯ ದಾರಿಯಿಂದ ಲೆಕ್ಕ ಕೇಳಬಹುದಲ್ಲ? ರಾಸಾಯನಿಕ ಘಟಕದ ಆಪರೇಟರ್ ಎಂಬುದು ಐಟಿಐಯಲ್ಲಿ ಎರಡು ವರ್ಷದ ವೃತ್ತಿ. ನಮ್ಮೂರ ಜಮೀನಿನಲ್ಲಿ ಎದ್ದ ಘಟಕಗಳಿಗೆ ಬೇಕಾದವರು ಅವರೇ. ಅದಕ್ಕೂ ಹತ್ತನೇ ಇಯತ್ತೆಯ ವಿಜ್ಞಾನ, ಗಣಿತ ಬೇಕು. ಹಾಗಾಗಿ ಹೋರಾಟದ ಬೇಡಿಕೆ ಪಟ್ಟಿಯಲ್ಲಿ ಐಟಿಐ ಕಟ್ಟಡಕ್ಕಿಂತ ಮೊದಲು ಹೈಸ್ಕೂಲಿನ ಗಣಿತದ ಮೇಷ್ಟ್ರ ಹುದ್ದೆ ಬರಬೇಕು. ಗುಳೆಯ ತಿಂಗಳುಗಳಲ್ಲಿ ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳುವ ಋತುಮಾನ ಹಾಸ್ಟೆಲುಗಳು, ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿ, ಅದರ ಬೆನ್ನಿಗೇ ಬರಬೇಕು.

ಚಿಕ್ಕಪ್ಪನ ಮಗ ಮೊನ್ನೆ ಸೈಟಿನಿಂದ ಫೋನ್ ಮಾಡಿದ್ದ. ಮತ್ತೆ ಗಣಿತ ಕಟ್ಟುತ್ತಾನಂತೆ. ಪುಸ್ತಕ ಊರಲ್ಲೇ ಉಳಿದಿದೆ, ತ್ರಿಕೋನಮಿತಿಯ ಪುಟಗಳ ಫೋಟೋ ತೆಗೆದು ಕಳಿಸು ಅಂದ. ಕಳಿಸಿದ್ದೇನೆ.