ನಂದಿಯ ತಪ್ಪಲಿನ ದ್ರಾಕ್ಷಿತೋಟದಲ್ಲಿ ಒಂದು ದಿನ

“ವೈನಿನ ರುಚಿ ನೋಡಲು ಹೋಗುತ್ತಿದ್ದೇವೆ” ಎಂದು ನಾನು ಹೇಳಿದಾಗ ನಮ್ಮ ತಾಯಿಯವರು ಓದುತ್ತಿದ್ದ ಪತ್ರಿಕೆಯನ್ನು ಮಡಿಚಿಟ್ಟು, ಕನ್ನಡಕದ ಮೇಲಿನಿಂದ ನನ್ನನ್ನು ದಿಟ್ಟಿಸಿದರು. “ಐವತ್ತು ದಾಟಿದ ಮೇಲೆ ಇದೊಂದು ಬಾಕಿಯಿತ್ತೇನೋ?” ಎಂಬುದಷ್ಟೇ ಅವರಾಡಿದ ಮಾತು. ಅಜೀರ್ಣಕ್ಕೆಂದು ಅವರೇ ನಮಗೆ ಚಮಚದ ಲೆಕ್ಕದಲ್ಲಿ ಕುಡಿಸುತ್ತಿದ್ದ ದ್ರಾಕ್ಷಾಸವವೂ ಹುದುಗಿದ ದ್ರಾಕ್ಷಿಯೇ, ಅದರಲ್ಲಿಯೂ ತಾನಾಗಿ ಹುಟ್ಟಿದ ಮದ್ಯಾಂಶವಿರುತ್ತದೆ ಎಂದು ವಾದಿಸುವ ಧೈರ್ಯ ನನಗಾಗಲಿಲ್ಲ.

ಹೊರಟವರು ನಾವು ನಾಲ್ವರು. ಕಾಲೇಜಿನ ಅಧ್ಯಾಪಕರೊಬ್ಬರು, ಅವರ ಶ್ರೀಮತಿಯವರು, ನಾನು, ಮತ್ತು ನನ್ನ ಬಾಲ್ಯಸ್ನೇಹಿತನಾದ ಒಬ್ಬ ಲೆಕ್ಕಪರಿಶೋಧಕ. ಈ ಕೊನೆಯವನು ಮದ್ಯವನ್ನು ತೊಟ್ಟಷ್ಟೂ ಮುಟ್ಟದವನು. “ನಿನಗೇನು ಕೆಲಸವಯ್ಯಾ ಅಲ್ಲಿ?” ಎಂದರೆ, “ಹಿಂದಿರುಗುವಾಗ ಕಾರು ನಡೆಸಲು ಒಬ್ಬನಾದರೂ ನೆಟ್ಟಗಿರಬೇಡವೇ? ನೂರು ಮಿಲಿಲೀಟರು ರಕ್ತದಲ್ಲಿ ಮೂವತ್ತು ಮಿಲಿಗ್ರಾಮು ಮದ್ಯಾಂಶ ಮೀರಿತೆಂದರೆ ಕಾನೂನಿನ ಕಣ್ಣಿಗೆ ಅದು ಅಪರಾಧ” ಎಂದು ಲೆಕ್ಕ ಒಪ್ಪಿಸಿದ. ಅವನು ಬರಲು ಬೇರೊಂದು ಕಾರಣವಿತ್ತೆಂದು ನಮಗೆ ತಿಳಿದದ್ದು ಆಮೇಲೆ.

ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು ೪೦ ಕಿಲೋಮೀಟರು ಸಾಗಿದರೆ ದೊಡ್ಡಬಳ್ಳಾಪುರ. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದ ಈ ಬಯಲಿನಲ್ಲಿ ಹಗಲು ಬಿಸಿಲು, ಇರುಳು ತಂಪು. ಬಿಸಿಲು ಹಣ್ಣಿಗೆ ಸಕ್ಕರೆಯನ್ನು ತುಂಬಿದರೆ, ತಂಪು ಅದರ ಹುಳಿಯನ್ನು ಕಾಪಾಡುತ್ತದೆ. ಉದ್ಯಮಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಷಾಂಪೇನ್ ಪ್ರಾಂತದ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ೧೯೮೮ರಲ್ಲಿ ಈ ಸೀಮೆಯಲ್ಲಿ ಫ್ರೆಂಚ್ ಬಳ್ಳಿಗಳ ತೋಟವನ್ನು ಆರಂಭಿಸಿದರು. ೨೦೦೭ರಲ್ಲಿ ರಾಜ್ಯ ಸರ್ಕಾರವು ದ್ರಾಕ್ಷಿ ಸಂಸ್ಕರಣೆಗೂ ವೈನಿಗೂ ಪ್ರತ್ಯೇಕ ನೀತಿಯನ್ನೇ ರೂಪಿಸಿತು. ನಾವು ಹೋದುದು ಇದೇ ಸೀಮೆಯ ಒಂದು ತೋಟಕ್ಕೆ.

ಫೆಬ್ರವರಿಯ ಕೊನೆಯ ಭಾನುವಾರ, ಕೊಯ್ಲಿನ ಕಾಲ. ದ್ರಾಕ್ಷಿತೋಟವೆಂದರೆ ತಲೆಯ ಮೇಲೆ ಹಬ್ಬಿದ ಚಪ್ಪರವೆಂದು ಭಾವಿಸಿದ್ದ ನಮಗೆ ಅಲ್ಲಿ ಕಂಡದ್ದೇ ಬೇರೆ. ಕಂಬದಿಂದ ಕಂಬಕ್ಕೆ ಬಿಗಿದ ತಂತಿಗಳ ಮೇಲೆ, ಹಸಿರು ಬೇಲಿಯಂತೆ, ಎದೆಯೆತ್ತರದ ಬಳ್ಳಿಗಳು ಸಾಲುಸಾಲಾಗಿ ನಿಂತಿದ್ದವು. ಗೊಂಚಲುಗಳು ಚಿಕ್ಕವು, ಹಣ್ಣುಗಳು ಬಟಾಣಿಯಷ್ಟು. ತೋಟವನ್ನು ತೋರಿಸುತ್ತಿದ್ದ ತರುಣಿ ಹೇಳಿದಳು: “ಫ್ರಾನ್ಸಿನಲ್ಲಿ ಚಳಿಗಾಲ ಬಂದಾಗ ಬಳ್ಳಿ ತಾನಾಗಿ ನಿದ್ದೆಹೋಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಆದ್ದರಿಂದ ವರ್ಷಕ್ಕೆ ಎರಡು ಸಲ ಸವರುತ್ತೇವೆ.” ಕೊಯ್ಲು ಮುಗಿದ ಮೇಲೆ ಬೇಸಗೆಯಲ್ಲಿ ಒಮ್ಮೆ, ಕೊಂಬೆ ಬಲಿಯಲೆಂದು, ಸೆಪ್ಟೆಂಬರ್ ಅಕ್ಟೋಬರ್ ವೇಳೆಗೆ ಮತ್ತೊಮ್ಮೆ, ಹಣ್ಣು ಕಟ್ಟಲೆಂದು.

ನಾವು ಮೂವರು ತಲೆದೂಗುತ್ತಿದ್ದೆವು. ನಮ್ಮ ಲೆಕ್ಕಿಗನಾದರೋ ಒಂದು ಎಲೆಯನ್ನು ಮಗುಚಿ ಅದರ ಬೆನ್ನನ್ನು ಪರೀಕ್ಷಿಸುತ್ತಿದ್ದ. “ಬೂಷ್ಟಿನ ರೋಗಕ್ಕೆ ಎಷ್ಟು ಸಲ ಔಷಧಿ ಹೊಡೆಯುತ್ತೀರಮ್ಮ?” ಎಂದು ಕೇಳಿದ. ತರುಣಿ ಅವನನ್ನು ಹೊಸ ಕಣ್ಣಿನಿಂದ ನೋಡಿದಳು. ಅವನು ಇನ್ನೊಂದು ಪ್ರಶ್ನೆಯನ್ನೂ ಕೇಳಿದ: “ಈ ಹಣ್ಣನ್ನು ಕಾರ್ಖಾನೆಯವರು ಕೊಳ್ಳದಿದ್ದರೆ ರೈತ ಎಲ್ಲಿ ಮಾರಬೇಕು?” ಸಿಪ್ಪೆ ದಪ್ಪ, ಬೀಜ ಹೆಚ್ಚು, ತಿರುಳು ಕಡಮೆ, ಪೇಟೆಯಲ್ಲಿ ತಿನ್ನಲು ಯಾರೂ ಕೊಳ್ಳುವಂಥದಲ್ಲ. “ಅದಕ್ಕೇ ಮೊದಲೇ ಒಪ್ಪಂದ ಮಾಡಿಕೊಂಡು ನೆಡುವುದು ಕ್ಷೇಮ” ಎಂದಳು ಆಕೆ.

ಮುಂದೆ ವೈನ್ ತಯಾರಾಗುವ ಮನೆ. ಕಪ್ಪು ದ್ರಾಕ್ಷಿಯ ರಸವೂ ಸಾಮಾನ್ಯವಾಗಿ ಬಣ್ಣವಿಲ್ಲದ್ದೇ ಎಂಬುದು ಅಲ್ಲಿ ನಾನು ಕಲಿತ ಮೊದಲ ಪಾಠ. ಕೆಂಪು ಬರುವುದು ಸಿಪ್ಪೆಯಿಂದ. ಆದ್ದರಿಂದ ಕೆಂಪು ವೈನಿಗೆ ರಸವನ್ನು ಸಿಪ್ಪೆಯೊಡನೆಯೇ ಹುದುಗಿಸುತ್ತಾರೆ. ಬಿಳಿಯದಕ್ಕೆ ಮೊದಲೇ ಹಿಂಡಿ ಸಿಪ್ಪೆಯನ್ನು ಬೇರ್ಪಡಿಸಿ, ತಂಪಿನಲ್ಲಿ ನಿಧಾನವಾಗಿ ಹುದುಗಲು ಬಿಡುತ್ತಾರೆ. ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಸಕ್ಕರೆಯನ್ನು ತಿಂದು ಮದ್ಯಾಂಶವನ್ನೂ ಅನಿಲವನ್ನೂ ಬಿಡುತ್ತದೆ; ನಮ್ಮ ದೋಸೆಯ ಹಿಟ್ಟು ಉಬ್ಬುವುದಕ್ಕೆ ಇದು ದೂರದ ನೆಂಟು. ಒಂದು ಸೀಸೆಗೆ ಒಂದು ಕಿಲೋಗ್ರಾಮಿಗೂ ಮಿಗಿಲಾಗಿ ಹಣ್ಣು ಬೇಕು. ಓಕ್ ಮರದ ಪೀಪಾಯಿಗಳು ಮಲಗಿದ್ದ ನೆಲಮಾಳಿಗೆಯ ತಂಪಿನಲ್ಲಿ ನಮ್ಮ ದನಿಯೂ ತಾನಾಗಿ ತಗ್ಗಿತು.

ಕೊನೆಗೆ ರುಚಿ ನೋಡುವ ಮೇಜು. ಬಟ್ಟಲನ್ನು ಬೆಳಕಿಗೆ ಹಿಡಿದು ಬಣ್ಣ ನೋಡಬೇಕು. ಮೆಲ್ಲನೆ ತಿರುಗಿಸಿ ಮೂಸಬೇಕು. ಒಂದು ಗುಟುಕನ್ನು ನಾಲಗೆಯ ಮೇಲೆಲ್ಲ ಆಡಿಸಬೇಕು. ಬೇಡವಾದರೆ ಪಕ್ಕದ ಪಾತ್ರೆಗೆ ಉಗುಳಬಹುದು. ಸಭ್ಯರ ನಡುವೆ ಉಗುಳುವುದು ಹೇಗೆಂದು ನಾವು ಸಂಕೋಚದಿಂದ ನುಂಗಿಯೇಬಿಟ್ಟೆವು. ಸೊವಿನ್ಯೋ ಬ್ಲಾಂ ಎಂಬ ಬಿಳಿಯದು ನಿಂಬೆಯ ಸಿಪ್ಪೆಯನ್ನೂ ಹಸಿ ಹುಲ್ಲನ್ನೂ ನೆನಪಿಗೆ ತಂದಿತು. ಶಿರಾಝ್ ಎಂಬ ಕೆಂಪಿನಲ್ಲಿ ಮೆಣಸಿನ ಸುಳಿವು. ಕ್ಯಾಬರ್ನೆ ಸೊವಿನ್ಯೋ ಬಾಯಿಯನ್ನು ಒಗರಾಗಿ ಹಿಡಿಯಿತು. “ಎಳೆಯ ಬಾಳೆಕಾಯಿ ಕಚ್ಚಿದಂತಿದೆ” ಎಂದರು ಅಧ್ಯಾಪಕರ ಶ್ರೀಮತಿಯವರು. ಅದೇ ಸರಿಯಾದ ವರ್ಣನೆಯೆಂದು ತರುಣಿಯೂ ಒಪ್ಪಿದಳು.

ನಮ್ಮ ಲೆಕ್ಕಿಗ ಬಟ್ಟಲನ್ನು ಎತ್ತಿಕೊಂಡು ಮೂಸಿದ, ಕುಡಿಯಲಿಲ್ಲ. ಮತ್ತೊಂದನ್ನೂ ಮೂಸಿ ಕೆಳಗಿಟ್ಟ. “ಇದರಲ್ಲಿ ನಮ್ಮ ಹಣ್ಣಿಲ್ಲವೇ? ಬೆಂಗಳೂರು ನೀಲಿ?”

ಇಲ್ಲವೆಂದಳು ತರುಣಿ. ಬೆಂಗಳೂರು ನೀಲಿ ಅಮೆರಿಕದ ಲ್ಯಾಬ್ರುಸ್ಕ ಎಂಬ ಕುಲಕ್ಕೆ ಸೇರಿದ ತಳಿ. ಅದರ ಗಾಢವಾದ ಪರಿಮಳವನ್ನು ಪಾಶ್ಚಾತ್ಯ ತಜ್ಞರು ‘ನರಿವಾಸನೆ’ ಎಂದು ಕರೆದು, ಊಟದೊಡನೆ ಕುಡಿಯುವ ವೈನಿಗೆ ಒಲ್ಲೆನ್ನುತ್ತಾರೆ. ಹಣ್ಣಿನ ರಸಕ್ಕೂ ಸಿಹಿಯಾದ ಪೋರ್ಟ್ ಬಗೆಯ ವೈನಿಗೂ ಅದು ಸಲ್ಲುತ್ತದೆ. ೨೦೧೩ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ.

“ನರಿವಾಸನೆಯೇ!” ಎಂದು ನಕ್ಕ ಅವನು, ಆ ನಗೆಯನ್ನು ಪೂರ್ತಿಮಾಡಲಿಲ್ಲ. ಆಗ ಹೇಳಿದ. ಇಲ್ಲಿಂದ ಎರಡು ಹರದಾರಿಯಲ್ಲಿ ಅವನ ತಂದೆಯವರಿಗೆ ಒಂದೂವರೆ ಎಕರೆ ನೀಲಿ ದ್ರಾಕ್ಷಿಯ ಚಪ್ಪರವಿತ್ತು. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ, ಕೊಳವೆಬಾವಿಯೊಂದೇ ಗತಿ. ಮೊದಲನೆಯದು ಬತ್ತಿತು. ಸಾಲ ಮಾಡಿ ಎರಡನೆಯದನ್ನು ಕೊರೆಸಿದರು. ಮೂರನೆಯದರಲ್ಲಿ ಬರೀ ಧೂಳು ಬಂತು. “ಒಂದೇ ದಿನದಲ್ಲಿ ಬಳ್ಳಿಗಳನ್ನು ಕಡಿದರು. ಚಪ್ಪರದ ಕಲ್ಲುಕಂಬಗಳನ್ನು ಮಾರಿದ ಹಣದಲ್ಲಿಯೇ ನನ್ನ ಕೊನೆಯ ವರ್ಷದ ಕಾಲೇಜು ಶುಲ್ಕ ಕಟ್ಟಿದ್ದು. ಈ ದಾರಿಯಾಗಿ ನಾನು ಬಂದದ್ದು ಆಮೇಲೆ ಇವತ್ತೇ.”

ನಲವತ್ತು ವರ್ಷಗಳ ಸ್ನೇಹದಲ್ಲಿ ನನಗೆ ತಿಳಿಯದಿದ್ದ ಸಂಗತಿ ಇದು. ಹನಿ ನೀರಾವರಿಯ ಕರಿಯ ಕೊಳವೆಗಳನ್ನು ಅವನು ಬೆಳಗ್ಗೆ ಬಗ್ಗಿ ಬಗ್ಗಿ ನೋಡುತ್ತಿದ್ದುದೇಕೆಂದು ಆಗ ಅರ್ಥವಾಯಿತು. ಬಟ್ಟಲಿನಲ್ಲಿ ಉಳಿದಿದ್ದುದನ್ನು ನಾವು ಮುಗಿಸಿದೆವು. ಅದರ ಬಣ್ಣ, ಪರಿಮಳಗಳನ್ನು ಕುರಿತು ಮತ್ತೆ ಯಾರೂ ಮಾತನಾಡಲಿಲ್ಲ.

ಹಿಂದಿರುಗುವಾಗ ರಸ್ತೆಯ ಬದಿಯಲ್ಲಿ ಮುದುಕಿಯೊಬ್ಬಳು ಬುಟ್ಟಿಯಲ್ಲಿ ನೀಲಿ ದ್ರಾಕ್ಷಿಯನ್ನಿಟ್ಟುಕೊಂಡು ಕುಳಿತಿದ್ದಳು. ನಮ್ಮ ಮಿತ್ರ ಚೌಕಾಸಿಯಿಲ್ಲದೆ ನಾಲ್ಕು ಕಿಲೋ ಕೊಂಡ. ಕಾರಿನ ತುಂಬ ಆ ಪರಿಮಳ ಹಬ್ಬಿತು. ಒಂದು ಹಣ್ಣನ್ನು ಬಾಯಿಗೆ ಹಾಕಿಕೊಂಡು ತಿರುಳನ್ನು ಹೀರಿ, ಕಿಟಕಿಯಾಚೆಗೆ ಸಿಪ್ಪೆಯನ್ನು ಉಗುಳಿ, “ಈಗ ನೋಡಿ, ಉಗುಳುವುದು ಹೀಗೆ” ಎಂದ. ಎಲ್ಲರೂ ನಕ್ಕೆವು, ಅವನೂ ಈ ಸಲ ಪೂರ್ತಿ ನಕ್ಕ.

ಮನೆಯಲ್ಲಿ ತಾಯಿಯವರು ನನ್ನ ಹೆಜ್ಜೆ ನೆಟ್ಟಗಿದೆಯೇ ಎಂದು ಮೊದಲು ಪರೀಕ್ಷಿಸಿದರು. ಆಮೇಲೆ ಹಣ್ಣಿನ ಪೊಟ್ಟಣವನ್ನು ಬಿಚ್ಚಿ ಮೂಸಿದರು. “ಅಯ್ಯೋ, ಇದು ನಾವು ಹಿಂದೆ ತಿನ್ನುತ್ತಿದ್ದ ದ್ರಾಕ್ಷಿಯಲ್ಲವೇ! ಇದನ್ನು ಬೆಳೆಯುವವರು ಇನ್ನೂ ಇದ್ದಾರೆಯೇ?”

“ಇದ್ದಾರಮ್ಮ” ಎಂದೆ. ಮರುದಿನ ಈ ಮಾತನ್ನು ಗೆಳೆಯನಿಗೆ ತಿಳಿಸಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುಂದಿನ ಭಾನುವಾರ ನಿಮ್ಮ ತಾಯಿಯವರನ್ನೂ ಕರೆದುಕೊಂಡು ಬಾ, ನಮ್ಮೂರು ತೋರಿಸುತ್ತೇನೆ” ಎಂದ.