ಗುದ್ದುವ ಮೊದಲು ತಡೆಯಲು ಕಲಿಯಿರಿ

ಬೇಸಿಗೆ ರಜೆಯಲ್ಲಿ ಎರಡು ದಿನಕ್ಕೆ ಅಕ್ಕನ ಮನೆಗೆ ಹೋಗಿದ್ದೆವು. ಭಾವ ದುಬೈಯಿಂದ ಬರುವಾಗ ಮಕ್ಕಳಿಗೆ ಅಂತ ಪ್ಲೇಸ್ಟೇಷನ್ ತಂದಿದ್ದರು. ಸಂಜೆ ಚಹಾ ಕುಡಿಯುವ ಹೊತ್ತಿಗೆ ಒಳಕೋಣೆಯಿಂದ ಠಪ್ ಅಂತ ಸದ್ದು ಬಂತು. ಹೋಗಿ ನೋಡಿದರೆ ಅಕ್ಕನ ಕಿರಿಯ ಮಗ, ಹನ್ನೆರಡು ವರ್ಷದವ, ಕಂಟ್ರೋಲರನ್ನು ಮಂಚಕ್ಕೆ ಎಸೆದು ಅಳ್ತಾ ಇದ್ದ. ಅಣ್ಣನ ಎದುರು ಎಂಟನೇ ಸಲ ಸೋತಿದ್ದನಂತೆ.

"ಇವನು ಮೋಸ ಮಾಡ್ತಾನೆ ಮಾಮ. ಒಂದೇ ಒಂದು ಗುದ್ದು ಹಾಕ್ಲಿಕ್ಕೆ ಬಿಡುವುದಿಲ್ಲ."

"ಮೋಸ ಎಂತದ್ದು? ಅವನಿಗೆ ಆಡ್ಲಿಕ್ಕೆ ಬರುವುದಿಲ್ಲ. ಬಟನ್ ಒತ್ತುವುದೊಂದೇ ಗೊತ್ತು" ಅಂತ ದೊಡ್ಡವ ಹೇಳಿದ.

ಅಕ್ಕನಿಗೆ ಸಾಕಾಗಿತ್ತು. ನಾಳೆಯೇ ಈ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕುತ್ತೇನೆ ಅಂತ ನಿಂತರು. ಒಂದು ದಿನ ಕೊಡಿ ಅಂತ ನಾವು ಕೇಳಿಕೊಂಡೆವು. ಮಕ್ಕಳಿಗೆ ಬುದ್ಧಿ ಹೇಳುವ ಮೊದಲು ಆ ಆಟ ಎಂತದ್ದು ಅಂತ ತಿಳಿಯಬೇಕಲ್ಲ. ದೊಡ್ಡವನ ಹತ್ತಿರ ಕೂತು, "ನಮಗೂ ಒಂದು ಕೈ ಕಲಿಸು" ಅಂದೆವು. ಆ ಸಂಜೆ ಹನ್ನೊಂದು ಆಟ ಆಡಿ ಹನ್ನೊಂದೂ ಸೋತೆವು. ಏಳನೆಯದಕ್ಕೆ ಬರುವಾಗ ನಮಗೂ ಸಿಟ್ಟು ಬಂದಿತ್ತು. ಈ ಕಂಟ್ರೋಲರ್ ಸರಿ ಇಲ್ಲ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆವು. ದಿನಾ ಮಕ್ಕಳಿಗೆ "ಗಡಿಬಿಡಿ ಬೇಡ, ಮೊದಲಿಂದ ಹೇಳು" ಅಂತ ಹೇಳುವ ಬಾಯಿ ನಮ್ಮದು!

ಹಾಗೆ ಶುರುವಾದ ಕಲಿಕೆ ಇದು. ಇಂತಹ ಆಟ ಮನೆಯಲ್ಲಿ ಇರುವವರಿಗೆ, ಸೋತು ಸೋತು ಬೇಸತ್ತ ಮಕ್ಕಳಿಗೆ, ಪಕ್ಕದಲ್ಲಿ ಕೂತು ಕಲಿಯುವ ಮನಸ್ಸಿರುವ ಹಿರಿಯರಿಗೆ ನಾವು ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇವೆ.

ಎಂತಹ ಆಟ ಇದು?

ಮಕ್ಕಳು ಆಡುತ್ತಿದ್ದದ್ದು ಸ್ಟ್ರೀಟ್ ಫೈಟರ್ 6. ಜಪಾನಿನ ಕ್ಯಾಪ್ಕಾಮ್ ಕಂಪೆನಿ 2023ರ ಜೂನ್‌ನಲ್ಲಿ ಹೊರತಂದ ಆಟ. ಪರದೆಯ ಮೇಲೆ ಇಬ್ಬರು ಎದುರುಬದುರು ನಿಲ್ಲುತ್ತಾರೆ. ಇಬ್ಬರ ತಲೆಯ ಮೇಲೂ ಜೀವದ ಪಟ್ಟಿ ಉಂಟು, ಪೆಟ್ಟು ಬಿದ್ದ ಹಾಗೆ ಅದು ಕಡಿಮೆಯಾಗ್ತದೆ. ಮೂರು ಸುತ್ತಿನಲ್ಲಿ ಎರಡು ಗೆದ್ದವನು ಆಟ ಗೆದ್ದ ಹಾಗೆ. ಈ ಜಾತಿಯ ಆಟಗಳಿಗೆ ಇಂದಿನ ರೂಪ ಕೊಟ್ಟದ್ದು 1991ರ ಸ್ಟ್ರೀಟ್ ಫೈಟರ್ 2. ಅನಂತರ 1992ರಲ್ಲಿ ಮಾರ್ಟಲ್ ಕಾಂಬ್ಯಾಟ್, 1994ರಲ್ಲಿ ಟೆಕ್ಕನ್ ಬಂತು.

ಇದರಲ್ಲಿ ಲೂಡೋದ ಹಾಗೆ ದಾಳ ಇಲ್ಲ, ಇಸ್ಪೀಟಿನ ಹಾಗೆ ಎಲೆ ಹಂಚುವುದಿಲ್ಲ. ನಮಗೆ ಕಾಣುವುದೆಲ್ಲ ಎದುರಿನವನಿಗೂ ಕಾಣ್ತದೆ. ಹಾಗಾಗಿ ಸೋತರೆ ಅದೃಷ್ಟವನ್ನು ಬೈಯುವ ಹಾಗಿಲ್ಲ. ಮಕ್ಕಳಿಗೆ ಅಳು ಬರುವುದೂ ಇದಕ್ಕೇ, ಅವರು ಕಲಿಯುವುದೂ ಇದರಿಂದಲೇ.

ಮೊದಲ ಪಾಠ: ತಡೆ

ಹೊಸಬರು ಮಾಡುವ ತಪ್ಪು ಒಂದೇ. ಆರು ಬಟನ್ ಕಂಡ ಕೂಡಲೇ ಆರನ್ನೂ ಬಡಿಯುವುದು. ನಾವೂ ಬಡಿದೆವು. ಎದುರಿನವನು ಸುಮ್ಮನೆ ಹಿಂದಕ್ಕೆ ಒತ್ತಿ ಹಿಡಿದು ಎಲ್ಲವನ್ನೂ ತಡೆದ. ನಮ್ಮ ದೊಡ್ಡ ಗುದ್ದು ಗಾಳಿಯಲ್ಲಿ ಹೋದಾಗ ಬಂದು ನಾಲ್ಕು ಕೊಟ್ಟ.

ಈ ಆಟದಲ್ಲಿ ತಡೆಯಲಿಕ್ಕೆ ಬೇರೆ ಬಟನ್ ಬೇಡ. ಎದುರಿನವನಿಂದ ದೂರದ ದಿಕ್ಕಿಗೆ ಒತ್ತಿ ಹಿಡಿದರೆ ಸಾಕು. ನಿಂತು ತಡೆದರೆ ಮೇಲಿನಿಂದ ಬರುವ ಪೆಟ್ಟು ನಿಲ್ತದೆ, ಕೂತು ತಡೆದರೆ ಕಾಲಿಗೆ ಬರುವ ಪೆಟ್ಟು ನಿಲ್ತದೆ. ಹೊಸಬನಿಗೆ ಸುಲಭದ ಲೆಕ್ಕ ಹೀಗೆ: ಸಾಮಾನ್ಯವಾಗಿ ಕೂತು ತಡೆಯಿರಿ, ಎದುರಿನವನು ಹಾರಿದ್ದು ಕಂಡರೆ ನಿಂತು ತಡೆಯಿರಿ. ಮೊದಲ ದಿನ ಗೆಲ್ಲುವ ಆಸೆ ಬಿಟ್ಟು ಇದೊಂದನ್ನೇ ಮಾಡಿ ನೋಡಿ. ಐದು ಸೆಕೆಂಡಿನಲ್ಲಿ ಮುಗಿಯುತ್ತಿದ್ದ ಸುತ್ತು ಮೂವತ್ತು ಸೆಕೆಂಡಿಗೆ ಹೋಗ್ತದೆ. ಆ ಹೊತ್ತಿನಲ್ಲಿ ಎದುರಿನವನು ಏನು ಮಾಡುತ್ತಾನೆ ಅಂತ ನೋಡ್ಲಿಕ್ಕೆ ನಮಗೆ ಪುರುಸೊತ್ತು ಸಿಗ್ತದೆ.

ಹಾಗಾದರೆ ತಡೆದುಕೊಂಡೇ ಕೂತರೆ ಆಯಿತಲ್ಲ? ಆಗುವುದಿಲ್ಲ. ಹತ್ತಿರ ಬಂದು ಹಿಡಿದು ಎಸೆಯುವ ದಾರಿಯೂ ಉಂಟು, ಅದಕ್ಕೆ ತಡೆ ನಡೆಯುವುದಿಲ್ಲ. ಇದು ಮಕ್ಕಳ ಕಲ್ಲು-ಕಾಗದ-ಕತ್ತರಿ ಇದ್ದ ಹಾಗೆ. ಗುದ್ದನ್ನು ತಡೆ ನಿಲ್ಲಿಸ್ತದೆ. ತಡೆಯನ್ನು ಹಿಡಿತ ಮುರಿಯುತ್ತದೆ. ಹಿಡಿಯಲು ಬರುವವನನ್ನು ಗುದ್ದು ನಿಲ್ಲಿಸ್ತದೆ. ಹಿಡಿದ ಕ್ಷಣಕ್ಕೆ ಸರಿಯಾಗಿ ನಾವೂ ಹಿಡಿತದ ಬಟನ್ ಒತ್ತಿದರೆ ಬಿಡಿಸಿಕೊಳ್ಳಬಹುದು. ಆಟದ ಅಡಿಪಾಯ ಇಷ್ಟೇ, ಉಳಿದದ್ದೆಲ್ಲ ಇದರ ಮೇಲೆ ಕಟ್ಟಿದ್ದು.

ಕಣ್ಣಿಗೆ ಸಿಗುವುದು, ಸಿಗದಿರುವುದು

ನಮಗೆ ವಯಸ್ಸಾಯಿತು, ಮಕ್ಕಳಷ್ಟು ಚುರುಕು ಎಲ್ಲಿಂದ ಬರಬೇಕು ಅಂತ ನಾವು ಭಾವಿಸಿದ್ದೆವು. ಲೆಕ್ಕ ನೋಡಿದಾಗ ಆ ನೆಪವೂ ಹೋಯಿತು.

ಈ ಆಟ ಸೆಕೆಂಡಿಗೆ 60 ಚಿತ್ರಗಳಂತೆ ಓಡ್ತದೆ. ಒಂದೊಂದು ಚಿತ್ರಕ್ಕೂ ಫ್ರೇಮ್ ಅಂತ ಹೆಸರು. ರ್‍ಯೂ ಎಂಬ ಪಾತ್ರದ ಅತಿ ಚುರುಕಿನ ಗುದ್ದು ತಗಲಲು 4 ಫ್ರೇಮ್ ಸಾಕು, ಅಂದರೆ ಸೆಕೆಂಡಿನ ಹದಿನೈದನೇ ಒಂದು ಪಾಲು. ಕಣ್ಣಿಗೆ ಕಂಡದ್ದಕ್ಕೆ ಕೈ ಚಲಿಸಲು ಮನುಷ್ಯನಿಗೆ ಸುಮಾರು ಕಾಲು ಸೆಕೆಂಡು, ಅಂದರೆ 15 ಫ್ರೇಮ್ ಬೇಕು. ಹಾಗಾಗಿ ಆ ಗುದ್ದನ್ನು ನೋಡಿ ತಡೆಯಲು ಹನ್ನೆರಡು ವರ್ಷದವನಿಗೂ ಆಗದು, ನಲವತ್ತು ದಾಟಿದವರಿಗೂ ಆಗದು. ಅದು ಬರುವ ಜಾಗದಲ್ಲಿದ್ದರೆ ಮೊದಲೇ ತಡೆಗೆ ಸಿದ್ಧವಾಗಿರಬೇಕು.

ಹಾರುವುದು ಹಾಗಲ್ಲ. ಒಂದು ನೆಗೆತ ಮುಗಿಯಲು ಹೆಚ್ಚುಕಡಿಮೆ ಮುಕ್ಕಾಲು ಸೆಕೆಂಡು ಬೇಕು. ಇದನ್ನು ನೋಡಿ ಹೊಡೆಯಲು ಯಾರಿಗೂ ಆಗ್ತದೆ. ರ್‍ಯೂ ಪಾತ್ರದಲ್ಲಿ ಕೂತು ಜೋರಿನ ಗುದ್ದು ಒತ್ತಿದರೆ ಮುಷ್ಟಿ ನೇರ ಮೇಲಕ್ಕೆ ಹೋಗಿ ಹಾರಿ ಬಂದವನನ್ನು ಕೆಡವುತ್ತದೆ. ಹೊಸಬರೆಲ್ಲ ಹಾರಿ ಹಾರಿ ಬರುತ್ತಾರೆ. ಇದೊಂದನ್ನು ಕಲಿತರೆ ಅರ್ಧ ಆಟ ಕೈಗೆ ಬಂದ ಹಾಗೆ. ಆದರೆ ಕಾಯಬೇಕು. ನಾವು ನಮ್ಮದೇ ಬಟನ್ ಬಡಿಯುವುದರಲ್ಲಿ ಇದ್ದರೆ ಅವನು ಹಾರಿದ್ದು ಕಂಡರೂ ಕೈ ಖಾಲಿ ಇರುವುದಿಲ್ಲ.

ಅಂತರದ ಲೆಕ್ಕ

ಕಬಡ್ಡಿ ನೋಡಿದವರಿಗೆ ಈ ಪಾಠ ಬೇಗ ತಲೆಗೆ ಹೋಗ್ತದೆ. ರೈಡರ್ ಬಂದಾಗ ಡಿಫೆಂಡರ್ ಎಲ್ಲಿ ನಿಲ್ಲುತ್ತಾನೆ? ರೈಡರ್ ಕಾಲು ಚಾಚಿದರೂ ಬೆರಳು ತಾಗದಷ್ಟು ದೂರದಲ್ಲಿ. ಕಾಲು ಚಾಚಿ ತಪ್ಪಿದ ಕ್ಷಣಕ್ಕೆ ಪಾದಕ್ಕೆ ಕೈ ಹಾಕುತ್ತಾನೆ. ಇಲ್ಲಿಯೂ ಅದೇ. ಎದುರಿನವನ ಒದೆತ ಎಷ್ಟು ದೂರ ಬರ್ತದೆ ಅಂತ ಗೊತ್ತುಮಾಡಿಕೊಂಡು ಅದಕ್ಕಿಂತ ಒಂದು ಹೆಜ್ಜೆ ಹಿಂದೆ ನಿಲ್ಲಬೇಕು. ಅವನು ಒದ್ದು ತಪ್ಪಿದಾಗ ಕಾಲು ಹಿಂದಕ್ಕೆ ಎಳೆದುಕೊಳ್ಳಲು ಹೊತ್ತು ಬೇಕಲ್ಲ, ಆಗ ನಮ್ಮ ಸರದಿ.

ಸರದಿಯ ವಿಷಯವನ್ನೂ ಇಲ್ಲೇ ಹೇಳಬೇಕು. ಪ್ರತಿ ಪೆಟ್ಟಿನ ನಂತರ ಒಬ್ಬ ಬೇಗ ಸುಧಾರಿಸುತ್ತಾನೆ, ಇನ್ನೊಬ್ಬ ತಡವಾಗಿ. ರ್‍ಯೂ ಮೇಲಕ್ಕೆ ಹಾರಿ ಹೊಡೆಯುವ ಶೋರ್‍ಯೂಕೆನ್ ಅನ್ನು ತಡೆದರೆ ಅವನು ಕೆಳಗೆ ಇಳಿಯುವವರೆಗೂ ಅಸಹಾಯಕ, ನಮ್ಮಲ್ಲಿದ್ದ ದೊಡ್ಡ ಪೆಟ್ಟು ಕೊಡಬಹುದು. ಹೊಸಬ ಸರದಿ ನೋಡುವುದಿಲ್ಲ, ಪೆಟ್ಟು ತಿಂದ ಕೂಡಲೇ ವಾಪಸ್ ಹೊಡೆಯಲು ನೋಡುತ್ತಾನೆ. ಹೀಗಾಗಿ ಎರಡನೆಯದನ್ನೂ ತಿನ್ನುತ್ತಾನೆ. ಸಣ್ಣವ ಮೋಸ ಅಂತ ಅತ್ತದ್ದು ಇದಕ್ಕೇ.

ಕಾಂಬೋ ಆಮೇಲೆ

ಮಕ್ಕಳು ಮೊದಲು ಕಲಿಯಲು ನೋಡುವುದು ಕಾಂಬೋ, ಅಂದರೆ ಒಂದರ ಬೆನ್ನಿಗೆ ಒಂದು ತಪ್ಪಿಸಲಾಗದ ಪೆಟ್ಟುಗಳು. ನೋಡಲು ಚಂದ. ಆದರೆ ಕಾಂಬೋದ ಮೊದಲ ಪೆಟ್ಟು ತಗಲಿದರೆ ತಾನೇ ಎರಡನೆಯದು? ಅಂದಹಾಗೆ ಕಾಂಬೋ ಯಾರೂ ಯೋಜಿಸಿ ಮಾಡಿದ್ದಲ್ಲ. ಸ್ಟ್ರೀಟ್ ಫೈಟರ್ 2 ತಯಾರಾಗುತ್ತಿದ್ದಾಗ ಕಣ್ಣಿಗೆ ಬಿದ್ದ ಒಂದು ದೋಷ ಅದು. ತೆಗೆಯದೆ ಬಿಟ್ಟರು, ಮುಂದೆ ಅದೇ ಈ ಆಟಗಳ ಗುರುತಾಯಿತು. ಎರಡು-ಮೂರು ಪೆಟ್ಟಿನ ಒಂದೇ ಒಂದು ಕಾಂಬೋ ಕಲಿತು, ಅದು ಎಡಕ್ಕೂ ಬಲಕ್ಕೂ ಹತ್ತರಲ್ಲಿ ಒಂಬತ್ತು ಸಲ ಬರುವವರೆಗೆ ಮುಂದೆ ಹೋಗಬೇಡಿ.

ಪಾತ್ರವೂ ಒಂದೇ ಸಾಕು. ದಿನಕ್ಕೊಂದು ಬದಲಿಸಿದರೆ ಯಾವುದೂ ಕೈಗೆ ಕೂರುವುದಿಲ್ಲ. ಕೆಳಗೆ, ಓರೆ, ಮುಂದೆ ಅಂತ ತಿರುಗಿಸಿ ಗುದ್ದಿನ ಬಟನ್ ಒತ್ತಿದರೆ ರ್‍ಯೂ ಕೈಯಿಂದ ಹದೋಕೆನ್ ಎಂಬ ಬೆಳಕಿನ ಉಂಡೆ ಹೊರಡ್ತದೆ. ನಮ್ಮ ಹೆಬ್ಬೆರಳಿಗೆ ಅದು ಒಗ್ಗಲು ಮೂರು ದಿನ ಬೇಕಾಯಿತು. ಅಷ್ಟೂ ಕಷ್ಟವಾದರೆ ಮಾಡರ್ನ್ ಎಂಬ ಸುಲಭ ವಿಧಾನ ಉಂಟು, ಒಂದೇ ಬಟನ್‌ನಲ್ಲಿ ಆಗ್ತದೆ. ಆದರೆ ಹಾಗೆ ಒತ್ತಿದ ವಿಶೇಷ ಪೆಟ್ಟಿನ ಬಲ ನೂರಕ್ಕೆ 80 ಮಾತ್ರ. ಅದರಲ್ಲಿ ಶುರು ಮಾಡುವುದು ನಾಚಿಕೆಯ ವಿಷಯವಲ್ಲ. ಅಭ್ಯಾಸಕ್ಕೆಂದೇ ಆಟದೊಳಗೆ ಟ್ರೈನಿಂಗ್ ಮೋಡ್ ಉಂಟು. ಎದುರಿನ ಗೊಂಬೆಯನ್ನು ಬೇಕಾದ ಹಾಗೆ ಹಾರಿಸಬಹುದು, ಕೂರಿಸಬಹುದು, ತಡೆ ಹಿಡಿಸಬಹುದು.

ಪಕ್ಕದಲ್ಲಿ ಒಬ್ಬರು ಬೇಕು

ಈ ಆಟಗಳ ಅತಿ ಹೆಸರಾದ ಕ್ಷಣವೂ ತಡೆಯದ್ದೇ. 2004ರಲ್ಲಿ ಅಮೆರಿಕದ ಎವೋ ಸ್ಪರ್ಧೆಯಲ್ಲಿ ಜಪಾನಿನ ದೈಗೊ ಉಮೆಹರಾ ಅವರ ಜೀವದ ಪಟ್ಟಿ ಮುಗಿದೇ ಹೋದಂತಿತ್ತು. ಮಾಮೂಲಿ ತಡೆ ಹಿಡಿದರೂ ಅದರಲ್ಲಿ ಸೋರುವ ಚೂರು ಪೆಟ್ಟಿಗೇ ಸೋಲುವ ಸ್ಥಿತಿ. ಎದುರಿನ ಜಸ್ಟಿನ್ ವಾಂಗ್ ಅವರ ಹದಿನೈದು ಒದೆತಗಳ ಮಹಾ ಪ್ರಹಾರ ಬಂದಾಗ ದೈಗೊ ಒಂದೊಂದಕ್ಕೂ ಸರಿಯಾದ ಕ್ಷಣದಲ್ಲಿ ಮುಂದಕ್ಕೆ ಒತ್ತಿ ಹದಿನೈದನ್ನೂ ಕೈಯಲ್ಲೇ ತಳ್ಳಿ, ಮರಳಿ ಹೊಡೆದು ಆ ಸುತ್ತನ್ನು ಗೆದ್ದರು.

2019ರಲ್ಲಿ ಲಾಹೋರಿನ ಅರ್ಸಲಾನ್ ಆಶ್ ಒಂದೇ ವರ್ಷದಲ್ಲಿ ಜಪಾನಿನ ಎವೋ, ಅಮೆರಿಕದ ಎವೋ ಎರಡರಲ್ಲೂ ಟೆಕ್ಕನ್ 7 ಗೆದ್ದರು. ನಮ್ಮೂರಲ್ಲಿ ಇನ್ನೂ ಗಟ್ಟಿ ಆಟಗಾರರು ಇದ್ದಾರೆ ಅಂತ ಅವರು ಹೇಳಿದಾಗ ಜಗತ್ತಿಗೆ ಆಶ್ಚರ್ಯ. ಕೊರಿಯಾದ ಹೆಸರಾಂತ ಆಟಗಾರ ನೀ ಲಾಹೋರಿಗೇ ಹೋಗಿ ಆಡಿ ನೋಡಿದರು, ಮಾತು ನಿಜವಿತ್ತು. ಅಲ್ಲಿನ ಹುಡುಗರು ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಕೂತು, ಸೋತು, ಕೇಳಿ, ಕಲಿತವರು.

ವಯಸ್ಸಿನ ಮಾತಿಗೆ ಇನ್ನೊಂದು ಉತ್ತರ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಸ್ಟ್ರೀಟ್ ಫೈಟರ್ 5 ಪದಕದ ಆಟವಾಗಿತ್ತು. ಭಾರತದ ಆಟಗಾರರೂ ಹೋಗಿದ್ದರು. ಚಿನ್ನ ಗೆದ್ದ ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವೂ ಅವರಿಗೆ ಆಗ 44 ವರ್ಷ.

ಮನೆಯವರಿಗೆ ನಾಲ್ಕು ಮಾತು

ಎಲ್ಲ ಫೈಟಿಂಗ್ ಆಟಗಳೂ ಒಂದೇ ಅಲ್ಲ. ಡಬ್ಬಿಯ ಮೇಲೆ ವಯಸ್ಸಿನ ಗುರುತು ಇರ್ತದೆ, ನೋಡಿ ತೆಗೆದುಕೊಳ್ಳಿ. ಸ್ಟ್ರೀಟ್ ಫೈಟರ್ 6ಕ್ಕೆ ಯುರೋಪಿನ ಗುರುತು 12, ಅಮೆರಿಕದ್ದು ಹದಿಹರೆಯದವರಿಗೆ. ಮಾರ್ಟಲ್ ಕಾಂಬ್ಯಾಟ್‌ನಲ್ಲಿ ರಕ್ತಪಾತ ವಿಪರೀತ, ಅದು ಮಕ್ಕಳದ್ದಲ್ಲ. 1993ರಲ್ಲಿ ಅಮೆರಿಕದ ಸೆನೆಟ್‌ನಲ್ಲಿ ಇಂತಹ ಆಟಗಳ ಬಗ್ಗೆ ವಿಚಾರಣೆ ನಡೆದ ಮೇಲೆಯೇ, 1994ರಲ್ಲಿ ಅಲ್ಲಿ ಈ ವಯಸ್ಸಿನ ಗುರುತಿನ ಪದ್ಧತಿ ಬಂದದ್ದು.

ಇಬ್ಬರು ಒಂದೇ ಮನೆಯಲ್ಲಿ ಆಡಲು ಇಂಟರ್ನೆಟ್ ಬೇಡ. ಗುರುತಿಲ್ಲದವರ ಜೊತೆ ಆಡಲು ಸಣ್ಣ ಮಕ್ಕಳನ್ನು ಬಿಡುವ ಅವಸರವೂ ಬೇಡ. ಆಟದೊಳಗೆ ವೇಷಭೂಷಣಕ್ಕೆ, ಹೊಸ ಪಾತ್ರಕ್ಕೆ ಹಣ ಕೇಳ್ತದೆ, ನಿಮ್ಮ ಕಾರ್ಡ್ ಅದರಲ್ಲಿ ಉಳಿಸಬೇಡಿ. ಪಣ ಕಟ್ಟಿ ಆಡುವುದು ಹತ್ತು ರೂಪಾಯಿಗೂ ಬೇಡ. ಹೊತ್ತಿಗೆ ಗಡಿಯಾರ ನೋಡುವುದಕ್ಕಿಂತ ಇಷ್ಟು ಆಟ ಅಂತ ಲೆಕ್ಕ ಹಾಕಿ. ನಡುವಿನಲ್ಲಿ ಎಬ್ಬಿಸಿದರೆ ಜಗಳ, ಆಟ ಮುಗಿದಾಗ ಎಬ್ಬಿಸಿದರೆ ಸುಲಭ.

ಅಕ್ಕನ ಮನೆಯಲ್ಲಿ ನಾವು ಒಂದು ನಿಯಮ ಮಾಡಿದೆವು. ಸೋತವನು ಮುಂದಿನ ಆಟಕ್ಕೆ ಮೊದಲು ತಾನು ಯಾಕೆ ಸೋತೆ ಅಂತ ಒಂದು ಕಾರಣ ಹೇಳಬೇಕು. "ಅವನು ಮೋಸ ಮಾಡಿದ" ಅಂತ ಹೇಳುವ ಹಾಗಿಲ್ಲ. ಗೆದ್ದವನು ನಗುವ ಹಾಗಿಲ್ಲ, ಕೇಳಿದರೆ ತೋರಿಸಿಕೊಡಬೇಕು. ಮೊದಲ ದಿನ ಸಣ್ಣವ ಮುಖ ಊದಿಸಿ ಕೂತ. ಎರಡನೇ ದಿನ "ನಾನು ಹಾರಿದ್ದು ಜಾಸ್ತಿಯಾಯ್ತು" ಅಂತ ಮೆಲ್ಲ ಹೇಳಿದ. ಮಾರನೇ ವಾರ ಅಕ್ಕ ಫೋನ್ ಮಾಡಿದಾಗ ಪೆಟ್ಟಿಗೆ ಕೆಳಗೇ ಇತ್ತು.

ಮೊನ್ನೆ ಮತ್ತೆ ಹೋದಾಗ ಅವನೇ ನಮ್ಮನ್ನು ಆಟಕ್ಕೆ ಕರೆದ. ಅವನ ನೆಗೆತವನ್ನು ಮೂರು ಸಲ ಕೆಡವಿದೆವು. ನಾಲ್ಕನೇ ಸಲ ಅವನು ಹಾರಲೇ ಇಲ್ಲ. ನಾವು ಹಾರುತ್ತಾನೆ ಅಂತ ಮೇಲೆ ನೋಡ್ತಾ ಇದ್ದಾಗ ನಡೆದು ಬಂದು ಹಿಡಿದು ಎಸೆದ. ಆಟ ಸೋತೆವು.

"ಮಾಮ, ಕಾರಣ ಹೇಳಿ" ಅಂದ.

ಹೇಳಿದೆವು.