ಮಳೆಗೆ ಮೊದಲು ಮಾಳಿಗೆಯ ಪರೀಕ್ಷೆ

ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಮಣ್ಣಿನ ಮಾಳಿಗೆಗಳು ಬೇಸಗೆಗೆ ತಂಪು. ಆದರೆ ಸೋರಿದಾಗಲೆಲ್ಲ ಹಳೆಯ ಮಣ್ಣಿನ ಮೇಲೆ ಹೊಸ ಮಣ್ಣು ಹಾಕುತ್ತ ಹೋದರೆ ಭಾರ ಹೆಚ್ಚುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾದಾಗ, ಇಂಥ ಭಾರದ ಮಾಳಿಗೆಗಳೂ ಕೆಸರಿನಲ್ಲಿ ಕಟ್ಟಿದ ಕಲ್ಲುಗೋಡೆಗಳೂ ಕುಸಿದು ಸಾವಿರಾರು ಜನ ಸತ್ತರು.

ಆದ್ದರಿಂದ ರೋಹಿಣಿ ಮಳೆಗೆ ಮೊದಲೇ ನಾವು ಮನೆಯನ್ನು ಪರೀಕ್ಷಿಸಬೇಕು. ಗೋಡೆಯೊಳಗೆ ಸೇರುವ ಕಡೆ ತೊಲೆ, ಜಂತಿಗಳನ್ನು ಮೊಳೆಯಿಂದ ಚುಚ್ಚಿ ನೋಡೋಣ. ಮೊಳೆ ಸಲೀಸಾಗಿ ಇಳಿದರೆ ಗೆದ್ದಲೋ ಕೊಳೆಯೋ ಹಿಡಿದಿದೆ. ಬಿರುಕಿಗೆ ಅಡ್ಡಲಾಗಿ ಸಿಮೆಂಟಿನ ತೆಳು ಪಟ್ಟಿ ಮೆತ್ತಿ ತಾರೀಖು ಬರೆಯೋಣ. ಅದು ಬಿರುಕಿನ ನೇರಕ್ಕೇ ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ. ಹೊಟ್ಟೆ ಬಿಟ್ಟ ಗೋಡೆಯ ಬದಿಯಲ್ಲಿ ಯಾರನ್ನೂ ಮಲಗಿಸಬಾರದು. ತೊಲೆಗೆ ಆಸರೆಗಂಬ ನಿಲ್ಲಿಸಿ, ಅನುಭವಿ ಗೌಂಡಿಯನ್ನು ಕರೆಯಿಸಬೇಕು. ಮಾಳಿಗೆಗೆ ಹೊಸ ಮಣ್ಣು ಹಾಕುವ ಮುನ್ನ ಅಷ್ಟೇ ಹಳೆಯ ಮಣ್ಣನ್ನು ಇಳಿಸಬೇಕು.